ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಲ್ಲಿ ನನ್ನ ರೇಟಿಂಗ್ (ಆಟದ ಬಲ ತೋರಿಸುವ ಸಂಖ್ಯೆ) 1500, ಇನ್ನೊಂದು ತಾಣ ಚೆಸ್ ಡಾಟ್ ಕಾಮ್‌ನಲ್ಲಿ 1100. ನನ್ನ ನಿಜವಾದ ರೇಟಿಂಗ್ ಯಾವುದು?

ಎರಡೂ ನಿಜವೇ. ನಾನೂ ಒಂದು ಕಾಲಕ್ಕೆ ಇದೇ ಪ್ರಶ್ನೆ ಹಿಡಿದು ತಿರುಗಿದವನು. ‘ಲಿಚೆಸ್‌ದರಲ್ಲಿ 400 ಕಳೀರಿ, ಸರಿಹೋಗುತ್ತೆ’ ಅನ್ನೋ ಉತ್ತರ ನಿಮಗೂ ಸಿಕ್ಕಿರುತ್ತೆ. ಎಲ್ಲರೂ ಎಡವೋದು ಅಲ್ಲೇ.

ರೇಟಿಂಗ್ ಸೂತ್ರಕ್ಕೆ ಬೇಕಾಗಿರೋದು ಇಬ್ಬರು ಆಟಗಾರರ ನಡುವಿನ ಅಂತರ ಮಾತ್ರ. ಎದುರಾಳಿಗಿಂತ 100 ಹೆಚ್ಚಿದ್ದರೆ ನೂರು ಆಟಕ್ಕೆ ಸುಮಾರು 64 ಪಾಯಿಂಟ್ (ಗೆಲುವಿಗೆ 1, ಡ್ರಾಗೆ ಅರ್ಧ), 200 ಹೆಚ್ಚಿದ್ದರೆ 76. ನಾಳೆ ಯಾವುದೋ ತಾಣ ಎಲ್ಲರಿಗೂ 1000 ಕೂಡಿಸಿಬಿಟ್ಟರೂ ಯಾರು ಯಾರನ್ನು ಸೋಲಿಸ್ತಾರೆ ಅನ್ನೋದು ಬದಲಾಗಲ್ಲ. ಲಿಚೆಸ್‌ನಲ್ಲಿ ಎಲ್ಲರೂ 1500ರಿಂದ ಶುರು, ಹಾಗಾಗಿ ಗುಂಪಿನ ನಡುಭಾಗ ಅದರ ಆಸುಪಾಸಲ್ಲೇ ನಿಲ್ಲುತ್ತೆ. ಚೆಸ್ ಡಾಟ್ ಕಾಮ್‌ನಲ್ಲಿ ಹೊಸಬರೇ ತಮ್ಮ ಮಟ್ಟ ಆರಿಸ್ಕೋತಾರೆ, ಕಲಿಯುವವರು ತುಂಬಾ ಕೆಳಗಿನಿಂದ ಶುರು ಮಾಡ್ತಾರೆ. ಅಲ್ಲಿನ ರ‍್ಯಾಪಿಡ್ (ಸ್ವಲ್ಪ ನಿಧಾನದ ಆಟ) ಸರಾಸರಿ 1000ಕ್ಕಿಂತ ಸಾಕಷ್ಟು ಕೆಳಗಿದೆ. ಎರಡರ ನಡುವಿನ ಅಂತರ ಕೆಳಗೆ ದೊಡ್ಡದು, ಮೇಲಕ್ಕೆ ಹೋದಂತೆ ಕಿರಿದಾಗುತ್ತೆ. 2200 ಇರೋರು 400 ಕಳೆದುಕೊಂಡರೆ ತಮಗೆ ತಾವೇ ಅನ್ಯಾಯ ಮಾಡ್ಕೊಂಡ ಹಾಗೆ.

ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ಕೊಡೋ ಸಂಖ್ಯೆಯೂ ಅಚಲ ಅಂದ್ಕೋಬೇಡಿ. 2024ರ ಮಾರ್ಚ್‌ನಲ್ಲಿ 2000ಕ್ಕಿಂತ ಕೆಳಗಿದ್ದವರಿಗೆಲ್ಲ, 2000ಕ್ಕೆ ಎಷ್ಟು ಕಡಿಮೆ ಇತ್ತೋ ಅದರ ಶೇ. 40ರಷ್ಟನ್ನು ಕೂಡಿಸಿದರು. 1500 ಇದ್ದವರು ಒಂದು ಕಾಯಿಯನ್ನೂ ನಡೆಸದೆ 1700 ಆದರು. ಅದಕ್ಕೂ ಮೊದಲು ಮಾಡಿದ ‘ಆನ್‌ಲೈನ್‌ನಿಂದ ಫಿಡೆಗೆ’ ಪಟ್ಟಿಗಳು ಈಗ ರದ್ದಿ.

ನೋಡಬೇಕಾದ್ದು ಶೇಕಡಾವಾರು ಸ್ಥಾನ. ಲಿಚೆಸ್‌ನಲ್ಲಿ ನಿಮ್ಮ ಪ್ರೊಫೈಲ್‌ಗೆ ಹೋಗಿ ಬ್ಲಿಟ್ಜ್ (ಕೆಲವೇ ನಿಮಿಷಗಳ ವೇಗದ ಆಟ) ರೇಟಿಂಗ್ ಮೇಲೆ ಒತ್ತಿ. ಎಷ್ಟು ಶೇಕಡಾ ಆಟಗಾರರಿಗಿಂತ ಮುಂದಿದ್ದೀರಿ ಅಂತ ಬರುತ್ತೆ. ಅಲ್ಲೇ ರೇಟಿಂಗ್ ಡೀವಿಯೇಷನ್ (ರೇಟಿಂಗ್ ಎಷ್ಟು ಅನಿಶ್ಚಿತ ಅನ್ನೋದರ ಅಳತೆ) ಅಂತ ಇನ್ನೊಂದು ಸಂಖ್ಯೆ ಇರುತ್ತೆ, ಅದನ್ನ ಯಾರೂ ಓದಲ್ಲ. ಅದು 110 ದಾಟಿದ್ದರೆ ರೇಟಿಂಗ್ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತೆ, ಆಗ ಉಳಿದ ಲೆಕ್ಕವೆಲ್ಲ ವ್ಯರ್ಥ. 45 ಇದ್ದರೆ ಅದರ ಎರಡರಷ್ಟು ಆಚೀಚೆ ಹಿಡಿಯಿರಿ: ನಿಮ್ಮ 1500 ಅಂದರೆ 1410ರಿಂದ 1590ರ ನಡುವೆ ಎಲ್ಲೋ. ಹಾಗಾಗಿ ನಿನ್ನೆ ರಾತ್ರಿ 40 ಬಿತ್ತು ಅಂತ ನಿದ್ದೆ ಕೆಡಿಸ್ಕೋಬೇಡಿ.

ಯಾವ ರೇಟಿಂಗ್‌ನಲ್ಲಿ ಎಷ್ಟು ಜನ ಅಂತ ತೋರಿಸೋ ಹಂಚಿಕೆ ನಕ್ಷೆ ಓದುವಾಗ ಇನ್ನೊಂದು ಎಚ್ಚರ. ಲಿಚೆಸ್ ಹಂಚಿಕೆಯಲ್ಲಿ ಎಣಿಸೋದು ಆ ವಾರ ಆಡಿದವರನ್ನ ಮಾತ್ರ. ನಾಲ್ಕು ಆಟ ಸೋತು ಬಿಟ್ಟುಹೋದವರು ಅದರಲ್ಲಿಲ್ಲ. ನಡುಭಾಗದಲ್ಲಿ ಜನಸಂದಣಿ ಜಾಸ್ತಿ, 50 ಅಂಕ ಏರಿದರೆ ಬಹಳ ಮಂದಿಯನ್ನ ದಾಟ್ತೀರಿ. 2200ರ ಹತ್ತಿರ ಅದೇ 50ಕ್ಕೆ ಶೇಕಡಾ ಅಲುಗಾಡೋದೇ ಇಲ್ಲ. ಬುಲೆಟ್ (ಬ್ಲಿಟ್ಜ್‌ಗಿಂತಲೂ ವೇಗದ ಆಟ), ಬ್ಲಿಟ್ಜ್, ರ‍್ಯಾಪಿಡ್‌ಗೆ ಬೇರೆಬೇರೆ ಗುಂಪು, ಬೇರೆಬೇರೆ ನಕ್ಷೆ. ಒಂದರ ಶೇಕಡಾವನ್ನ ಇನ್ನೊಂದಕ್ಕೆ ಹಚ್ಚಬೇಡಿ.

ಎದುರು ಕೂತು ಆಡುವ ಬಲ ತಿಳೀಬೇಕಾ? ಫಿಡೆ ರೇಟಿಂಗ್ ಇರೋ ಟೂರ್ನಿಗೆ ಹೆಸರು ಕೊಡಿ. ಮೊದಲ ರೇಟಿಂಗ್‌ಗೆ ರೇಟಿಂಗ್ ಇರೋರ ಎದುರು ಕನಿಷ್ಠ 5 ಆಟ ಬೇಕು. ಈಗ 1400ಕ್ಕಿಂತ ಕೆಳಗೆ ಅವರು ರೇಟಿಂಗ್ ಕೊಡೋದೇ ಇಲ್ಲ.