ಸಂಪಾದಕರ ಉತ್ತರ: ಬಾವಿಯ ಪಕ್ಕದ ಹೊಸ ಕಟ್ಟಡ

ಪ್ರಿಯ ಮೇಷ್ಟ್ರೇ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಬೇರೆ ಓದುಗರಿಗಾಗಿ ಅದರಲ್ಲಿರುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಶಿವಮೊಗ್ಗ ಪೇಟೆಯ ನಡುವೆ ನೀವು ಪಾಠ ಮಾಡಿದ ಕಾಲೇಜಿದೆ. ಮಂಗಳೂರು ಹೆಂಚಿನ ಹಳೆಯ ಕಟ್ಟಡ, ಮುಂದೆ ಉದ್ದನೆಯ ಜಗಲಿ, ಹಿತ್ತಿಲಲ್ಲಿ ಬಾವಿ, ಅದರ ಪಕ್ಕ ಹಲಸಿನ ಮರ. ಬಾವಿ ಮುಚ್ಚಿ ಅಲ್ಲಿ ನಾಲ್ಕು ಮಹಡಿ ಎಬ್ಬಿಸಲು ಆಡಳಿತ ಮಂಡಳಿ ಹೊರಟಿದೆ. ಕೆಲವರಿಗೆ ಪಶ್ಚಿಮದ ಮುಂಭಾಗಕ್ಕೆ ಪೂರ್ತಿ ಗಾಜು ಬೇಕು. ಉಳಿದವರಿಗೆ ಹಳೆಯದರಂತೆಯೇ ಕಂಬ, ಕಮಾನು ಬೇಕು. ಕಳೆದ ಸಂಚಿಕೆಯಲ್ಲಿ ನಾವು, ಪೇಟೆಯ ಹೊಸ ಕಟ್ಟಡಗಳು ಜಾಗಕ್ಕೂ ಅದರ ಚರಿತ್ರೆಗೂ ಹೊಂದಬೇಕು ಎಂದು ಬರೆದಿದ್ದೆವು. ನೀವು ಕೇಳಿದ್ದೀರಿ: ಹೊಂದುವುದು ಅಂದರೆ ನಕಲು ಮಾಡುವುದಾ? ಅದಕ್ಕೆ ದುಡ್ಡು ಜಾಸ್ತಿ ಅಲ್ವಾ?

ನಕಲು ಅಲ್ಲ, ಮೇಷ್ಟ್ರೇ. ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಎಂಬ ಮ್ಯಾನೇಜ್‌ಮೆಂಟ್ ಸಂಸ್ಥೆಯ ಆವರಣದಲ್ಲಿ. ಮೊದಲ ಸಲ ಹೋದಾಗ ಏಪ್ರಿಲ್ ತಿಂಗಳ ಮಧ್ಯಾಹ್ನ. ರಸ್ತೆಯಲ್ಲಿ ಬಿಸಿಲು, ಬಸ್ಸುಗಳ ಗದ್ದಲ. ಒಳಗೆ ನಾಲ್ಕು ಹೆಜ್ಜೆ ಇಟ್ಟೆ, ಮೈ ತಣ್ಣಗಾಯಿತು. ಫ್ಯಾನ್ ಇಲ್ಲ, ಏಸಿ ಇಲ್ಲ. ಎರಡೂ ಕಡೆ ಬೂದು ಬಣ್ಣದ ಒರಟು ಕಲ್ಲಿನ ಗೋಡೆ, ಮೇಲೆ ತೊಲೆಗಳ ಚಪ್ಪರ, ಅದರ ಮೇಲೆ ಬಳ್ಳಿ, ನೆಲದ ಮೇಲೆ ನೆರಳಿನ ಪಟ್ಟೆಗಳು.

ಆ ಸಂಸ್ಥೆ ಶುರುವಾಗಿದ್ದು 1973ರಲ್ಲಿ. ಆವರಣ ಸುಮಾರು 100 ಎಕರೆ. ವಿನ್ಯಾಸ ಮಾಡಿದವರು ಬಾಲಕೃಷ್ಣ ದೋಶಿ. 2018ರಲ್ಲಿ, ವಾಸ್ತುಶಿಲ್ಪಕ್ಕೆ ಕೊಡುವ ದೊಡ್ಡ ಅಂತರರಾಷ್ಟ್ರೀಯ ಗೌರವವಾದ ಪ್ರಿಟ್ಜ್ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರು. ಈ ಆವರಣವನ್ನು ಕಟ್ಟುವಾಗ ಅವರ ಮನಸ್ಸಿನಲ್ಲಿದ್ದದ್ದು ಫತೇಪುರ್ ಸಿಕ್ರಿಯ ಅಂಗಳಗಳು, ಮದುರೆಯ ದೇವಸ್ಥಾನ. ಆದರೆ ಅಲ್ಲಿ ಗುಮ್ಮಟ ಹುಡುಕಿ, ಸಿಗುವುದಿಲ್ಲ. ಗೋಪುರವೂ ಇಲ್ಲ. ಹಳೆಯ ಜಾಗಗಳಿಂದ ಅವರು ತಂದದ್ದು ನಡೆಯುವ ಅನುಭವವನ್ನು. ಒಂದು ಅಂಗಳ ದಾಟಿದರೆ ಇನ್ನೊಂದು ಅಂಗಳ, ಕತ್ತಲಿನಿಂದ ಬೆಳಕಿಗೆ, ಬೆಳಕಿನಿಂದ ನೆರಳಿಗೆ. ಕಾರಿಡಾರ್‌ಗಳನ್ನು ಕೆಲವು ಕಡೆ ಬೇಕೆಂದೇ ಅಗಲ ಮಾಡಿದ್ದಾರೆ. ತರಗತಿ ಮುಗಿಸಿ ಬಂದ ಹುಡುಗರು ಅಲ್ಲಿ ನಿಲ್ಲುತ್ತಾರೆ, ಕೂರುತ್ತಾರೆ, ಪಾಠದ ಮಾತು ಮುಂದುವರಿಯುತ್ತದೆ. ಗೋಡೆಗೆ ಬಳಸಿದ್ದು ಈ ಸೀಮೆಯ ನೆಲದಡಿಯಲ್ಲೇ ಹಾಸಿಕೊಂಡಿರುವ ಕಲ್ಲು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ದೋಶಿಯವರ ಆ ಚಪ್ಪರವನ್ನು ನೀವು ಶಿವಮೊಗ್ಗದಲ್ಲಿ ಕಟ್ಟಿದರೆ ತಪ್ಪಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ವರ್ಷದ ಹೆಚ್ಚು ದಿನ ಅಲ್ಲಿ ಹೊರಗೆ ಕೂರಬಹುದು. ನಿಮ್ಮೂರು ಮಲೆನಾಡಿನ ಹೆಬ್ಬಾಗಿಲು. ಆಷಾಢದಲ್ಲಿ ಗಾಳಿ ಸಮೇತ ಬರುವ ಎರಚಲು ಮಳೆಗೆ ತೆರೆದ ಚಪ್ಪರ ಏನು ಮಾಡೀತು? ನಿಮ್ಮ ಹಳೆಯ ಕಟ್ಟಡಕ್ಕೆ ಇಳಿಜಾರು ಹೆಂಚು, ಮುಂದೆ ಚಾಚಿದ ಸೂರು, ಅಗಲದ ಜಗಲಿ ಬಂದದ್ದು ಸುಮ್ನೆ ಅಲ್ಲ. ಕಟ್ಟಿಸಿದವರು ಆ ಮಳೆ ಯಾವ ದಿಕ್ಕಿನಿಂದ ಬರುತ್ತದೆ ಎಂದು ಬಲ್ಲವರಾಗಿದ್ದರು. ಕಮಾನನ್ನು ಬೇಕಾದರೆ ಬಿಡಿ, ಆ ಸೂರು ಮತ್ತು ಜಗಲಿಯನ್ನು ಮಾತ್ರ ಬಿಡಬೇಡಿ. ಅವು ಕಾಂಕ್ರೀಟಿನಲ್ಲಿ ಬಂದರೂ ಅಡ್ಡಿಯಿಲ್ಲ.

ಹೊರಗಿನ ಆರ್ಕಿಟೆಕ್ಟ್‌ಗೆ ನಮ್ಮ ಊರು ಏನು ತಿಳಿಯುತ್ತದೆ ಎಂದೂ ಕೇಳಿದ್ದೀರಿ. ಕಣ್ಣಿಟ್ಟು ನೋಡುವವರಾದರೆ ತಿಳಿಯುತ್ತದೆ. ಒಟ್ಟೊ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನವರು. ನಾಜಿಗಳ ಕಾಟಕ್ಕೆ ದೇಶ ಬಿಟ್ಟು, 1939ರಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬಂದರು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ) ಅವರು ಕಟ್ಟಿದ ಕಟ್ಟಡಗಳನ್ನು ನೋಡಿ. ಇಲ್ಲಿಯ ಬಿಸಿಲು, ಗಾಳಿಗಳ ಲೆಕ್ಕ ಅವುಗಳಲ್ಲಿದೆ.

ಚರಿತ್ರೆಯ ವಿಷಯದಲ್ಲಿ ಇನ್ನೊಂದು ಮಾತು. ಅದು ಯಾವಾಗಲೂ ಚೆಂದವೇ ಇರಬೇಕೆಂದಿಲ್ಲ. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲನ್ನೇ ನೋಡಿ. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಊರಿನ ನಡುವೆ ಅಷ್ಟು ದೊಡ್ಡ ಜಾಗ ಖಾಲಿಯಾಯಿತು. ಪೂರ್ತಿ ಕೆಡವಬಹುದಿತ್ತು. ಮ್ಯಾಥ್ಯೂ ಮತ್ತು ಘೋಷ್ ಎಂಬ ವಾಸ್ತುಶಿಲ್ಪಿಗಳು ಕಾವಲು ಗೋಪುರ ಉಳಿಸಿದರು, ಕೆಲವು ಬ್ಯಾರಕ್ಕುಗಳನ್ನು ಉಳಿಸಿದರು. 2008ರಲ್ಲಿ ಅದು ಫ್ರೀಡಂ ಪಾರ್ಕ್ ಆಯಿತು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದು ಇದೇ ಜೈಲಿನಲ್ಲಿ. ಈಗ ಅದೇ ಜಾಗದಲ್ಲಿ ರೈತರು, ಅಂಗನವಾಡಿ ಕಾರ್ಯಕರ್ತೆಯರು ಕೂತು ಧರಣಿ ಮಾಡುತ್ತಾರೆ. ಗೋಡೆ ಬಿದ್ದಿದ್ದರೆ ಅದೊಂದು ಬರೀ ಪಾರ್ಕು ಆಗಿರುತ್ತಿತ್ತು. ನನಗೆ ಆ ಗೋಪುರದ ಕೆಳಗೆ ನಿಂತಾಗಲೆಲ್ಲ ಗಂಟಲು ಕಟ್ಟುತ್ತದೆ.

ದುಡ್ಡಿನ ವಿಷಯಕ್ಕೆ ನೇರವಾಗಿ ಹೇಳುತ್ತೇನೆ. ಕಂಬ, ಕಮಾನು ಅಂಟಿಸುವುದಕ್ಕೆ ಖರ್ಚಿದೆ, ಅದು ಬೇಡ. ಆದರೆ ಪಶ್ಚಿಮದ ಗಾಜು ಅಗ್ಗ ಎಂದು ನಂಬಬೇಡಿ. ಮಧ್ಯಾಹ್ನ ಮೂರರ ಬಿಸಿಲು ನೇರ ಒಳಗೆ ಬರುತ್ತದೆ. ಆಮೇಲೆ ಪರದೆ ಹಾಕುತ್ತೀರಿ, ಪರದೆ ಹಾಕಿದ್ದಕ್ಕೆ ಹಗಲಲ್ಲೇ ಲೈಟು, ಸೆಕೆಗೆ ಏಸಿ. ಕಟ್ಟುವ ಖರ್ಚು ಒಂದು ಸಲ, ಕರೆಂಟು ಬಿಲ್ಲು ಪ್ರತಿ ತಿಂಗಳು. ಮುಂಗಡಪತ್ರ ಮಾಡುವಾಗ 20 ವರ್ಷದ ಬಿಲ್ಲನ್ನೂ ಪಕ್ಕದಲ್ಲಿ ಬರೆಯಿರಿ ಎಂದು ಮಂಡಳಿಯವರಿಗೆ ಹೇಳಿ.

ಸಭೆ ಮುಂದಿನ ತಿಂಗಳು ಎಂದಿದ್ದೀರಿ. ಅಷ್ಟರೊಳಗೆ ಒಂದು ಕೆಲಸ ಮಾಡಿಸಿ. ಜೋರು ಮಳೆ ಬಂದ ದಿನ ಆರ್ಕಿಟೆಕ್ಟನ್ನು ಕೊಡೆ ಹಿಡಿಸಿ ಆವರಣದಲ್ಲಿ ಸುತ್ತಾಡಿಸಿ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಡೆಗೆ ಹರಿಯುತ್ತದೆ ಎಂದು ನಕ್ಷೆಯ ಮೇಲೆ ಗುರುತು ಹಾಕಿಸಿ. ಬಿಸಿಲಿನ ದಿನ ಮಕ್ಕಳು ಊಟದ ಡಬ್ಬಿ ಹಿಡಿದು ಎಲ್ಲಿ ಕೂರುತ್ತಾರೆ ಎಂಬುದನ್ನೂ ಬರೆಸಿ. ಹಲಸಿನ ಮರದ ಬುಡದಲ್ಲೇ ಕೂರುತ್ತಾರೆ ಎಂದು ನಿಮ್ಮ ಪತ್ರದಲ್ಲೇ ಇದೆ. ಹಾಗಾದರೆ ಅಂಗಳ ಎಲ್ಲಿರಬೇಕು ಎಂದು ಅವರೇ ತೋರಿಸಿಕೊಟ್ಟಿದ್ದಾರಲ್ವಾ? ಬಾವಿ, ಮರ ಎರಡನ್ನೂ ಒಳಗಿಟ್ಟುಕೊಂಡು, ತೊಟ್ಟಿಮನೆಯ ಹಾಗೆ ಸುತ್ತ ಮೂರು ಮಹಡಿ ಕಟ್ಟಲು ಜಾಗ ಸಾಲುತ್ತದಾ ಎಂದು ಅಳೆಸಿ ನೋಡಿ.

ಬಾವಿ ಬತ್ತಿದೆಯೋ ಇಲ್ಲವೋ ನೀವು ಬರೆದಿಲ್ಲ. ಮುಚ್ಚುವ ಮಾತು ಬರುವ ಮೊದಲು ಒಮ್ಮೆ ಹೂಳು ತೆಗೆಸಿ, ತಾರಸಿಯ ಮಳೆ ನೀರನ್ನು ಸೋಸಿ ಅದಕ್ಕೆ ಬಿಡಬಹುದಾ ಎಂದು ವಿಚಾರಿಸಿ. ನಕ್ಷೆ ಸಿದ್ಧವಾದ ಮೇಲೆ ಒಂದು ಪ್ರತಿ ನಮಗೂ ಕಳಿಸಿ.

ನಿಮ್ಮ,
ಸಂಪಾದಕ