ನನ್ನ ಪಾಳಿಯನ್ನೂ ಅವರೇ ಆಡುತ್ತಾರೆ!

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ಮದುವೆಯಾಗಿ ಎರಡು ವರ್ಷ ಆಯಿತು. ಕಲಬುರಗಿಯಲ್ಲಿ ಅತ್ತೆಯವರ ಜೊತೆ ಇದ್ದೇವೆ. ನಮ್ಮ ಮನೆಯವರಿಗೆ ಬೋರ್ಡ್ ಗೇಮ್ ಅಂದರೆ ಪ್ರಾಣ. ದೀಪಾವಳಿಗೆ ‘ಮ್ಯಾನ್ಷನ್ಸ್ ಆಫ್ ಮ್ಯಾಡ್ನೆಸ್’ ಅನ್ನೋ ದೆವ್ವದ ಆಟ ತರಿಸಿದರು. ಫೋನಿನ ಆ್ಯಪ್ ಒಂದೊಂದು ಕಥೆ ನಡೆಸುತ್ತದೆ, ನಾವಿಬ್ಬರೂ ಒಂದೇ ಕಡೆಯವರಾಗಿ ಸೇರಿ ಆಡುವುದು. ಮೊದಲ ಸಲ ಸೋತೆವು, ಆದರೂ ನನಗೆ ಭಾರೀ ಖುಷಿಯಾಗಿತ್ತು. ಈಗ ಭಾನುವಾರ ಬಂತು ಅಂದರೆ ಬೇಜಾರು. ನನ್ನ ಪಾಳಿ ಬಂದ ಕೂಡಲೇ ‘ಆ ಬಾಗ್ಲಾ ತೆಗಿಬ್ಯಾಡ, ಮೊದ್ಲ ಈ ಕಡಿ ಹೋಗು’ ಅಂತಾರೆ. ಆ್ಯಪ್‌ನಲ್ಲಿ ಎಲ್ಲ ಇಂಗ್ಲಿಷ್. ಅವರೇ ಓದಿಕೊಂಡು ನನಗೆ ಎರಡು ಮಾತಲ್ಲಿ ಹೇಳಿ ಮುಗಿಸುತ್ತಾರೆ. ಹೋದ ವಾರ ಇನ್ನೊಂದು ಗೊತ್ತಾಯಿತು. ನಾನು ಮಲಗಿದ ಮೇಲೆ ಅದೇ ಕಥೆಯನ್ನು ಒಬ್ಬರೇ ಆಡಿ ನೋಡಿಟ್ಟಿದ್ದರು! ಕೇಳಿದರೆ ‘ನೀ ಗೆಲ್ಲಲಿ ಅಂತ ಮಾಡಿದೆ’ ಅಂದರು. ನನಗೆ ಅಳುವೇ ಬಂತು. ನಾನು ಸ್ಕೂಟಿ ಓಡಿಸುವಾಗಲೂ ಹಿಂದೆ ಕೂತು ‘ಬ್ರೇಕ್ ಹಿಡಿ’ ಅನ್ನುವವರೇ. ಅತ್ತೆಯವರು ಬೇರೆ, ಆ ರಾಕ್ಷಸ ಗೊಂಬೆಗಳು ಮನೆಯಲ್ಲಿ ಬೇಡ ಅಂತಾರೆ. ಒಂದು ಆಟಕ್ಕೆ ಇಷ್ಟು ನೊಂದುಕೊಳ್ಳುವುದು ಹುಚ್ಚುತನವಾ?
— ಹೆಸರು ಬೇಡ, ಕಲಬುರಗಿ

ಉತ್ತರ: ಹುಚ್ಚುತನ ಏನೂ ಅಲ್ಲ ತಂಗಿ. ವಾರವೆಲ್ಲ ಮನೆ, ಕೆಲಸ, ನೆಂಟರು ಅಂತ ಓಡಾಡಿ, ಭಾನುವಾರ ಎರಡು ತಾಸು ಇಬ್ಬರೇ ಕೂತಾಗ ಅದರಲ್ಲೂ ಒಬ್ಬರೇ ಆಡಿದರೆ ಬೇಜಾರಾಗದೆ ಇರುತ್ತಾ?

ಮೊದಲು ಆಟದ ಮಾತನ್ನೇ ಆಡೋಣ. ಸಲಹೆ ಬರೆಯುವ ನಮ್ಮಂಥವರಿಗೆ ಒಂದು ಚಟ ಇದೆ. ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು ಅಂದರೂ ದಾಂಪತ್ಯದ ಬುಡಕ್ಕೇ ಕೈ ಹಾಕುತ್ತೇವೆ. ನಿಮ್ಮ ತಕರಾರು ಆಟದ್ದು. ನ್ಯಾಯವಾದದ್ದೂ ಹೌದು.

ಪಗಡೆ ಆಡುವಾಗ ಯಾರಾದರೂ ನಿಮ್ಮ ಕಾಯಿಗೆ ಕೈ ಹಾಕಿದರೆ ‘ಏ, ನೀ ಸುಮ್ನ ಕೂಡು’ ಅಂತ ಅಲ್ಲೇ ಹೇಳಿಬಿಡುತ್ತೀರಿ. ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಕೂಡಿ ಆಡುವ ಆಟದಲ್ಲಿ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಅವರೂ ನಿಮ್ಮ ಕಡೆಯವರೇ ಅಲ್ವಾ? ನಿಮ್ಮ ಪಾಳಿ ಕಸಿದುಕೊಂಡರೂ ಅದು ಸಹಾಯದ ಹಾಗೆ ಕಾಣುತ್ತದೆ. ಬೇಡ ಅಂದರೆ ನೀವೇ ಹಟಮಾರಿ. ಈ ತೊಂದರೆ ನಿಮ್ಮ ಮನೆಯಲ್ಲಿ ಮಾತ್ರ ಇಲ್ಲ. ಎಲ್ಲರ ಪಾಳಿಯನ್ನೂ ತಾನೇ ಆಡುವ ಇಂಥವರಿಗೆ ಬೋರ್ಡ್ ಗೇಮ್ ಆಡುವ ಮಂದಿ ‘ಆಲ್ಫಾ ಪ್ಲೇಯರ್’ ಅಂತ ಹೆಸರೇ ಇಟ್ಟಿದ್ದಾರೆ. ಜಾಸ್ತಿ ಓದಿಕೊಂಡವರು, ನಿಯಮ ಬಾಯಿಪಾಠ ಇರುವವರು, ಸೋಲು ಸಹಿಸದವರು ಹೀಗಾಗುವುದು ಸಾಮಾನ್ಯ. ಕೆಟ್ಟವರೇನಲ್ಲ. ಜೊತೆಗೆ ಕೂತವರಿಗೆ ಮಾತ್ರ ಸುಸ್ತು.

ಈಗ ರಾತ್ರಿ ಕದ್ದು ಆಡಿದ ವಿಷಯ. ಈ ಆಟವನ್ನು ಒಬ್ಬರಿಂದ ಐದು ಜನರವರೆಗೆ ಆಡಬಹುದು. ಹಾಗಾಗಿ ಒಬ್ಬರೇ ಆಡಿದ್ದು ತಪ್ಪಲ್ಲ. ಆಡಿ ಮುಗಿಸಿದ ಕಥೆಯನ್ನು ಹೊಸದೆಂಬಂತೆ ನಿಮ್ಮ ಮುಂದೆ ಹರಡಿದ್ದು ತಪ್ಪು. ಯಾಕೆ ಅಂದರೆ, ಈ ಆಟದ ಜೀವ ಇರುವುದೇ ಬಾಗಿಲ ಆಚೆ ಏನಿದೆ ಅಂತ ಗೊತ್ತಿಲ್ಲದಿರುವುದರಲ್ಲಿ. ಶುರುವಿನಲ್ಲಿ ನಕ್ಷೆಯ ಒಂದು ಚೂರು ಮಾತ್ರ ನೆಲದ ಮೇಲೆ ಇರುತ್ತದೆ. ನೀವು ಬಾಗಿಲು ತೆಗೆದ ಮೇಲೆ ಮುಂದಿನ ಕೋಣೆ ಯಾವುದು, ಅಲ್ಲಿ ಏನು ಕಾದಿದೆ ಅಂತ ಆ್ಯಪ್ ಹೇಳುತ್ತದೆ. ಒಂದು ಸುತ್ತಿನಲ್ಲಿ ನಿಮಗಿರುವುದು ಎರಡೇ ಕೆಲಸ. ಆ ಎರಡರಲ್ಲಿ ಒಂದನ್ನು ಬಾಗಿಲಿಗೆ ಖರ್ಚು ಮಾಡಲಾ ಬೇಡವಾ ಅಂತ ಎದೆ ಹೊಡೆದುಕೊಳ್ಳುವುದೇ ಮಜಾ. ಅದೇ ಕಥೆಯನ್ನು ಮತ್ತೆ ಆಡಿದರೆ ಒಂದಿಷ್ಟು ಬದಲಾಗಬಹುದು. ಆದರೆ ಗುಟ್ಟು ಗೊತ್ತಿದ್ದವರು ಪಕ್ಕದಲ್ಲಿ ಕೂತು ದಾರಿ ತೋರಿಸಿದರೆ ನಿಮಗೆ ಉಳಿಯುವುದು ಗೊಂಬೆ ಸರಿಸುವ ಕೆಲಸ ಅಷ್ಟೇ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದು ಸಾಲು. ಮೊದಲ ಸಲ ಸೋತರೂ ಖುಷಿಯಾಗಿತ್ತು ಅಂತ ಬರೆದಿದ್ದೀರಿ. ಇದನ್ನು ಅವರಿಗೆ ಯಾವತ್ತಾದರೂ ಬಾಯಿಬಿಟ್ಟು ಹೇಳಿದ್ದೀರಾ? ನನಗೆ ಅನುಮಾನ. ಸೋತದ್ದಕ್ಕೆ ನೀವು ಇನ್ನು ಆಡಲು ಬರುವುದಿಲ್ಲ ಅಂತ ಅವರು ಹೆದರಿರಬೇಕು. ಅದಕ್ಕೇ ನಿದ್ದೆಗೆಟ್ಟು ನಿಮ್ಮ ಗೆಲುವಿಗೆ ತಯಾರಿ ಮಾಡಿದ್ದಾರೆ. ಪ್ರೀತಿಯೇ, ಆದರೆ ನಿಮ್ಮನ್ನು ಕೇಳದೆ ಮಾಡಿದ್ದು.

ಇನ್ನೊಂದು ವಿಷಯ ಹೇಳುತ್ತೇನೆ, ಅವರಿಗೂ ಓದಿ ಹೇಳಿ. 2011ರಲ್ಲಿ ಈ ಆಟ ಮೊದಲು ಬಂದಾಗ ಆ್ಯಪ್ ಇರಲಿಲ್ಲ. ಒಬ್ಬರು ‘ಕೀಪರ್’ ಆಗಿ ಕೂತು, ಗುಟ್ಟೆಲ್ಲ ತಿಳಿದುಕೊಂಡು, ರಾಕ್ಷಸರನ್ನು ಉಳಿದವರ ಮೇಲೆ ಬಿಡುತ್ತಿದ್ದರು. 2016ರ ಎರಡನೇ ಆವೃತ್ತಿಯಲ್ಲಿ ಆ ಕೆಲಸ ಆ್ಯಪ್‌ಗೆ ಹೋಯಿತು, ಕೂತವರೆಲ್ಲ ಒಂದೇ ಕಡೆ ಆದರು. ನಿಮ್ಮ ಯಜಮಾನರು ಹಳೆಯ ಕೀಪರ್ ಕುರ್ಚಿ ಬಿಡದೆ ನಿಮ್ಮ ಪಕ್ಕದ ಕುರ್ಚಿಯೂ ಬೇಕು ಅನ್ನುತ್ತಿದ್ದಾರೆ. ಎರಡೂ ಆಗುವುದಿಲ್ಲ.

ಮಾತಾಡಲು ಭಾನುವಾರ ಬೇಡ, ಆಟದ ಮಧ್ಯೆ ಅಂತೂ ಬೇಡವೇ ಬೇಡ. ವಾರದ ನಡುವೆ, ಊಟ ಆದಮೇಲೆ, ‘ಸೋತರೂ ನಂಗ ಅಡ್ಡಿ ಇಲ್ರಿ, ನನ್ನ ಪಾಳ್ಯಾಗ ನಾ ಕೇಳಿದ್ರಷ್ಟೇ ಹೇಳ್ರಿ’ ಅನ್ನಿ. ಅಷ್ಟು ಸಾಕು. ಹಳೆಯದನ್ನೆಲ್ಲ ಕೆದಕಬೇಡಿ. ಅವರು ಮರೆತು ಬಾಯಿ ಹಾಕುತ್ತಾರೆ, ಅದು ಖಂಡಿತ. ಆಗ ಸಿಟ್ಟಾಗದೆ, ಅವರು ಬೇಡ ಅಂದ ಬಾಗಿಲನ್ನೇ ನಗುತ್ತಾ ತೆಗೆಯಿರಿ. ಒಳಗಿಂದ ಏನಾದರೂ ಬಂದು ಇಬ್ಬರನ್ನೂ ಮುಗಿಸಿದರೆ ಮುಗಿಸಲಿ.

ಆ್ಯಪ್ ಇರುವ ಟ್ಯಾಬ್ ಅಥವಾ ಫೋನು ನಿಮ್ಮ ಕೈಯಲ್ಲಿರಲಿ. ನನ್ನ ಪ್ರಕಾರ ಇದೇ ಮುಖ್ಯ. ಇಂಗ್ಲಿಷ್ ಕಷ್ಟ ಅಂತ ಬಿಟ್ಟುಕೊಟ್ಟಿದ್ದೀರಿ, ಅಲ್ಲೇ ಆಟ ಕೈ ತಪ್ಪಿದ್ದು. ಅವರು ಎರಡು ಮಾತಿಗೆ ಇಳಿಸಿ ಹೇಳುವಾಗ, ಯಾವುದು ಮುಖ್ಯ ಯಾವುದು ಅಲ್ಲ ಅಂತ ಆಗಲೇ ಅವರೇ ತೀರ್ಮಾನಿಸಿರುತ್ತಾರೆ. ನೀವು ನಿಧಾನಕ್ಕೆ ಓದಿ. ಗೊತ್ತಾಗದ ಕಡೆ ಅರ್ಥ ಕೇಳಿ. ಅರ್ಥ ಹೇಳುವುದು ಅವರ ಕೆಲಸ, ಮುಂದೆ ಏನು ಮಾಡಬೇಕು ಅನ್ನುವುದು ನಿಮ್ಮದು. ಹತ್ತು ನಿಮಿಷ ಜಾಸ್ತಿ ಹಿಡಿಯಲಿ, ಯಾರಿಗೆ ಅವಸರ?

ಆಮೇಲೆ ಅವರು ಮುಟ್ಟದ ಕಥೆ ಆರಿಸಿ. ಪೆಟ್ಟಿಗೆಯ ಜೊತೆ ಬರುವುದು ನಾಲ್ಕು ಕಥೆ. ಮೊದಲನೆಯದಕ್ಕೆ ತಾಸು, ಒಂದೂವರೆ ತಾಸು ಸಾಕು. ಎಲ್ಲಕ್ಕಿಂತ ಉದ್ದದ್ದು ನಾಲ್ಕರಿಂದ ಆರು ತಾಸು ಎಳೆಯುತ್ತದೆ. ನಡುವೆ ಉಳಿಸಿಟ್ಟು ಮತ್ತೊಂದು ದಿನ ಮುಂದುವರಿಸಲೂಬಹುದು. ಅದನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಯಾರು ತಾನೇ ಹೊರಗೆ ಕಾಲಿಡುತ್ತಾರೆ? ಶಹಾಬಾದ್ ಕಲ್ಲಿನ ನೆಲದ ಮೇಲೆ ನಕ್ಷೆ ಹರಡಿ, ಜಾಗವೂ ಸಿಗುತ್ತದೆ, ಕೂತವರಿಗೆ ತಂಪೂ ಇರುತ್ತದೆ.

ಇನ್ನು ಈ ಆಟದಲ್ಲಿ ನಿಮ್ಮಂಥವರಿಗೆಂದೇ ಇಟ್ಟಂತಿರುವ ಒಂದು ಕಾರ್ಡ್ ಇದೆ. ಭಯದ ಏಟು ಮಿತಿ ಮೀರಿದಾಗ ನಿಮ್ಮ ಪಾತ್ರಕ್ಕೆ ಬುದ್ಧಿಭ್ರಮೆಯ ಕಾರ್ಡ್ ಬರುತ್ತದೆ. ಅದರ ಹಿಂಬದಿಯಲ್ಲಿ ಏನಿದೆ ಅಂತ ಬೇರೆಯವರಿಗೆ ತೋರಿಸುವಂತಿಲ್ಲ, ಹೇಳುವಂತಿಲ್ಲ. ಕೆಲವು ಕಾರ್ಡುಗಳಲ್ಲಿ ನೀವು ಗೆಲ್ಲುವ ಷರತ್ತೇ ಬದಲಾಗಿರುತ್ತದೆ. ಅಲ್ಲಿಯವರೆಗೆ ಜೊತೆಯಾಗಿದ್ದವರು ಆ ಕ್ಷಣದಿಂದ ಏನು ಮಾಡುತ್ತೀರೋ ಅವರಿಗೆ ಗೊತ್ತಿರುವುದಿಲ್ಲ. ಅದು ಕೈಗೆ ಬಂದ ದಿನ ಮುಖದಲ್ಲಿ ಏನೂ ತೋರಿಸಬೇಡಿ. ‘ಏನ್ ಬಂತು, ತೋರ್ಸು’ ಅಂದರೆ ನಿಯಮದ ಪುಸ್ತಕ ಅವರ ಮುಂದಿಡಿ. ಎಲ್ಲ ಗೊತ್ತಿದ್ದವರಿಗೆ ಏನೂ ಗೊತ್ತಿಲ್ಲದೆ ಕೂರುವುದು ಹೇಗಿರುತ್ತದೆ ಅಂತ ಅವರಿಗೂ ಒಂದು ಸಲ ತಿಳಿಯಲಿ.

ಅತ್ತೆಯವರ ಜೊತೆ ವಾದ ಬೇಡ. ಪೆಟ್ಟಿಗೆಯಲ್ಲಿ 24 ರಾಕ್ಷಸ ಗೊಂಬೆ ಇವೆ, ಹಿರಿಯರಿಗೆ ಕಸಿವಿಸಿ ಆಗುವುದು ಸಹಜ. ದೇವರ ಕೋಣೆಯಿಂದ ದೂರ ಇಡಿ, ಆಟ ಮುಗಿದ ಕೂಡಲೇ ಪೆಟ್ಟಿಗೆಗೆ ಸೇರಿಸಿ, ಅಮಾವಾಸ್ಯೆ ಭಾನುವಾರ ಬಂದರೆ ಆ ವಾರ ಆಡಬೇಡಿ. ಕರೆದು ಒಂದು ಸಲ ಡೈಸ್ ಹಾಕಿಸಿದರೆ ಅರ್ಧ ಸಿಟ್ಟು ಇಳಿದೀತು.

ಉಳಿದದ್ದು ಸ್ಕೂಟಿ. ಅದನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ನಾನು ಅಲ್ಲೇ ನಿಂತೆ. ಹಿಂದೆ ಕೂತು ‘ಬ್ರೇಕ್ ಹಿಡಿ’ ಅನ್ನುವ ಗಂಡಂದಿರು ಮನೆಗೊಬ್ಬರು ಇದ್ದಾರೆ, ಅಷ್ಟಕ್ಕೆ ನಾನು ಚಿಂತೆ ಮಾಡುವುದಿಲ್ಲ. ಆದರೆ ನಿಮ್ಮ ಸಂಬಳ ಎಲ್ಲಿ ಖರ್ಚಾಗಬೇಕು, ತವರಿಗೆ ಯಾವಾಗ ಹೋಗಬೇಕು, ಯಾರ ಜೊತೆ ಮಾತಾಡಬೇಕು ಅನ್ನುವುದನ್ನೂ ಅವರೇ ತೀರ್ಮಾನಿಸುತ್ತಿದ್ದರೆ ಮಾತು ಬೇರೆ. ಹಾಗಿದ್ದರೆ ಆಟದ ವಿಷಯ ಬದಿಗಿಟ್ಟು ನನಗೆ ಇನ್ನೊಂದು ಪತ್ರ ಬರೆಯಿರಿ.