ಆ ಬೆಣ್ಣೆಯ ಬಗ್ಗೆ, ಮೇಷ್ಟ್ರೇ

ಈ ತಿಂಗಳು ನಮ್ಮ ಪತ್ರಿಕೆಗೆ ಬಂದ ಪತ್ರಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ. ಬರೆದವರು ದಾವಣಗೆರೆಯ ಒಬ್ಬ ನಿವೃತ್ತ ಗಣಿತ ಮೇಷ್ಟ್ರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಒಂದು ಭಾಗ ಹೀಗಿದೆ:

"ಮೊಮ್ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಡಯಟ್ ಅಂತ ಶುರು ಮಾಡಿ ಊಟವನ್ನೇ ಬಿಟ್ಟಳು. ಈಗ ಚಿಕಿತ್ಸೆ ನಡೆಯುತ್ತಿದೆ, ಮನೆಯಲ್ಲೇ ಇದ್ದಾಳೆ. ದಿನಕ್ಕೆ ಮೂರು ಊಟ, ನಡುವೆ ಮೂರು ಸಲ ತಿಂಡಿ, ತಿನ್ನುವಾಗ ಯಾರೂ ಏನೂ ಅನ್ನಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಕಳೆದ ಭಾನುವಾರ ಬೆಣ್ಣೆ ದೋಸೆ ಪಾರ್ಸೆಲ್ ತಂದೆವು. ಅವಳು ಬೆಣ್ಣೆಯನ್ನೆಲ್ಲ ಚಮಚದಲ್ಲಿ ಕೆರೆದು ತಟ್ಟೆಯ ಅಂಚಿಗೆ ಇಟ್ಟಳು. ಒಂದು ದೋಸೆಗೆ ಮುಕ್ಕಾಲು ಗಂಟೆ. 'ಬೆಣ್ಣೆ ಬಿಟ್ಟಿದ್ದು ಒಳ್ಳೇದಾಯ್ತು ಬಿಡಮ್ಮ' ಅಂದೆ. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೊಸೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾನು ಸಕ್ಕರೆ ಕಾಯಿಲೆಯವನು. ದಿನಾ ಕುಂದವಾಡ ಕೆರೆ ಸುತ್ತುತ್ತೇನೆ, ಸೋಮವಾರ ಸೋಮವಾರ ತೂಕ ನೋಡಿಕೊಳ್ಳುತ್ತೇನೆ. ಊಟ ಬಲ್ಲವನಿಗೆ ರೋಗವಿಲ್ಲ ಅಂತಲ್ಲವೇ ಗಾದೆ? ನಾನೇನು ತಪ್ಪು ಹೇಳಿದೆ? ನೀವು ಬೇರೆ 'ತೂಕ ಇಳಿಸಿ' ಪುಟ ನಿಲ್ಲಿಸಿಬಿಟ್ಟಿರಿ. ಯಾಕೆ?"

ಮೇಷ್ಟ್ರೇ, ನಿಮ್ಮ ಸಕ್ಕರೆ ಕಾಯಿಲೆಗೆ ನಿಮ್ಮ ಡಾಕ್ಟರ್ ಹೇಳಿದ ಪಥ್ಯ ಸರಿ. ಕೆರೆ ಸುತ್ತುವುದೂ ಸರಿ, ಬಿಡಬೇಡಿ. ಅದರಲ್ಲಿ ತಕರಾರಿಲ್ಲ.

ಆದರೆ ಆ ಮಾತು ಆಡಬಾರದಿತ್ತು.

ನೀವು ಕೆಟ್ಟ ಮನಸ್ಸಿನಿಂದ ಆಡಲಿಲ್ಲ, ಗೊತ್ತು. ಕೆಟ್ಟ ಮನಸ್ಸಿದ್ದವರು ಹೀಗೆ ನಾಲ್ಕು ಪುಟ ಕೈಯಾರೆ ಬರೆದು ಕಳಿಸುವುದಿಲ್ಲ. ಆದರೆ ಅವಳದು ಈಟಿಂಗ್ ಡಿಸಾರ್ಡರ್, ಅಂದರೆ ಊಟದ ಸುತ್ತ ಕಟ್ಟಿಕೊಳ್ಳುವ ಮನಸ್ಸಿನ ಕಾಯಿಲೆ. ಆ ಹುಡುಗಿಯ ತಲೆಯೊಳಗೆ ತಿಂಗಳುಗಟ್ಟಲೆಯಿಂದ ಒಂದು ದನಿ ಕೂತಿದೆ. ಬೆಣ್ಣೆ ಬೇಡ, ಇನ್ನರ್ಧ ಬೇಡ, ನೀನು ಇದಕ್ಕೆ ಯೋಗ್ಯಳಲ್ಲ ಅಂತ ಹಗಲೂ ರಾತ್ರಿ ಹೇಳುವ ದನಿ. ಅವಳು ಅದರ ಜೊತೆ ಗುದ್ದಾಡಿಕೊಂಡು ಆ ದೋಸೆಯ ಮುಂದೆ ಕೂತಿದ್ದಳು. ಅಷ್ಟರಲ್ಲಿ ಮನೆಯಲ್ಲಿ ಅವಳಿಗೆ ತುಂಬಾ ಬೇಕಾದ ಅಜ್ಜ ಬಂದು ಆ ದನಿಯ ಪರವಾಗಿ ಮಾತಾಡಿದರು. ಅವಳಿಗೆ ಕೇಳಿಸಿದ್ದು ಅದು. ನಿಮಗೆ ಬೆಣ್ಣೆ ಬಿಡುವುದು ಪಥ್ಯ. ಅವಳಿಗೆ ಈಗ ಬೆಣ್ಣೆಯೇ ಔಷಧಿ. ಒಂದೇ ಮನೆಯಲ್ಲಿ ಇಬ್ಬರಿಗೆ ಬೇರೆ ಬೇರೆ ಮಾತ್ರೆ ಇರುತ್ತದಲ್ವಾ, ಹಾಗೆ.

ನಾನು ಇದನ್ನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ಡಿಗ್ರಿ ಓದುವಾಗ ದಾವಣಗೆರೆಯಲ್ಲೇ ಹಾಸ್ಟೆಲಿನಲ್ಲಿದ್ದೆ. ರೂಮಿನಲ್ಲಿ ನಾವು ಮೂವರು. ಒಬ್ಬಳು ಸೋಮವಾರ ಶಿವನಿಗೆ ಅಂತ ಉಪವಾಸ, ಗುರುವಾರ ರಾಯರಿಗೆ, ಶನಿವಾರ ಹನುಮಪ್ಪನಿಗೆ. ಆಮೇಲೆ ಸಂಕಷ್ಟಿ, ಏಕಾದಶಿ ಎಲ್ಲ ಸೇರಿಕೊಂಡವು. ಎಂಥಾ ಭಕ್ತಿ ಅಂತ ನಾವೆಲ್ಲ ಹೊಗಳುತ್ತಿದ್ದೆವು. ಏಪ್ರಿಲ್ ತಿಂಗಳು, ದಾವಣಗೆರೆ ಬಿಸಿಲು ನಿಮಗೆ ಹೇಳಬೇಕಾ, ಫ್ಯಾನ್ ಕೆಳಗೆ ನಾವು ಬೇಯುತ್ತಿದ್ದರೆ ಅವಳು ಮೆರೂನ್ ಸ್ವೆಟರ್ ಹಾಕಿಕೊಂಡು, ತೋಳು ಬೆರಳ ತುದಿವರೆಗೆ ಎಳೆದುಕೊಂಡು ಕೂತಿರುತ್ತಿದ್ದಳು. ಚಳಿ ಅನ್ನುತ್ತಿದ್ದಳು. ಅವಳ ಹಾಸಿಗೆ ಕೆಳಗೆ ಒಂದು ನೋಟ್‌ಬುಕ್. ತುಂಬಾ ಅಡುಗೆ ಬರೆದುಕೊಂಡಿದ್ದಳು: ಹೋಳಿಗೆ, ಗಿಣ್ಣು, ಎಣ್ಣೆಗಾಯಿ. ರಾತ್ರಿ ನಮಗೆ ಓದಿ ಹೇಳುತ್ತಿದ್ದಳು, ಪಿ.ಬಿ. ರಸ್ತೆಯಿಂದ ನಮಗೆಲ್ಲ ಮಂಡಕ್ಕಿ ಮಿರ್ಚಿ ತಂದು ಬಡಿಸುತ್ತಿದ್ದಳು, ತಾನು ಮುಟ್ಟುತ್ತಿರಲಿಲ್ಲ. ಒಂದು ದಿನ ಬಾತ್‌ರೂಮಿನಲ್ಲಿ ಬಿದ್ದಳು. ಅವರಪ್ಪ ಬಂದು ಊರಿಗೆ ಕರೆದುಕೊಂಡು ಹೋದರು.

ಬಹಳ ವರ್ಷ ಆದಮೇಲೆ ಒಂದು ಮದುವೆಯಲ್ಲಿ ಸಿಕ್ಕಳು, ಚೆನ್ನಾಗಿದ್ದಳು. ಬದುಕಿದ್ದೇ ದೊಡ್ಡದು ಅಂದಳು. ಆಮೇಲೆ ಕೈ ಹಿಡಿದುಕೊಂಡು, "ನೀವು ಹೊಗಳಿದಷ್ಟೂ ಇನ್ನೊಂದು ದಿನ ಜಾಸ್ತಿ ಉಪವಾಸ ಹಿಡೀತಿದ್ದೆ ಕಣೇ" ಅಂದಳು. ಆವತ್ತಿನಿಂದ ಈ ವಿಷಯದಲ್ಲಿ ನಾನು ಸುಮ್ಮನಿರುವವಳಲ್ಲ.

ಆ ಸ್ವೆಟರ್, ಆ ನೋಟ್‌ಬುಕ್, ನಿಮ್ಮ ಮೊಮ್ಮಗಳ ಮುಕ್ಕಾಲು ಗಂಟೆ, ಇವೆಲ್ಲ ಒಂದೇ ಕಥೆ ಅಂತ ನನಗೆ ಗೊತ್ತಾಗಿದ್ದು ಒಂದು ಹಳೇ ಪ್ರಯೋಗದ ಬಗ್ಗೆ ಓದಿದಾಗ. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಜನ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಯುದ್ಧದಲ್ಲಿ ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕು ಅಂತ ತಿಳಿಯುವುದಕ್ಕೆ. ದೇಹ, ಮನಸ್ಸು ಎರಡೂ ಗಟ್ಟಿ ಇದ್ದವರನ್ನೇ ಆರಿಸಿದ್ದರು. ಏನಾಯ್ತು ಗೊತ್ತಾ? ಬೇಸಿಗೆಯಲ್ಲೂ ಚಳಿ ಅಂದರು. ಅಡುಗೆ ಪುಸ್ತಕ ಕೂಡಿಟ್ಟುಕೊಂಡು ಓದಿದರು. ತಟ್ಟೆ ನೆಕ್ಕಿದರು. ಒಂದೇ ಊಟವನ್ನು ಎರಡು ಗಂಟೆ ಎಳೆದರು. ಸಿಡುಕು, ಮಂಕು, ಯಾರ ಜೊತೆಯೂ ಬೇಡ. ಪ್ರಯೋಗ ಮುಗಿದ ಮೇಲೆ ಹೊಟ್ಟೆ ತುಂಬ ಉಂಡರೂ ಎಷ್ಟೋ ಜನಕ್ಕೆ ಹಸಿವು ತಣಿಯಲಿಲ್ಲ. ಅವರ್‍ಯಾರೂ ಕನ್ನಡಿ ಮುಂದೆ ನಿಂತು ಕೊರಗಿದ ಹುಡುಗಿಯರಲ್ಲ, ಮೇಷ್ಟ್ರೇ. ಹಸಿವು ಮನುಷ್ಯನನ್ನು ಹಾಗೆ ಮಾಡುತ್ತದೆ. ಇದನ್ನು "ಈಗಿನ ಹುಡುಗಿಯರ ನಖರಾ" ಅಂತ ನಿಮ್ಮ ಪತ್ರದ ಮೂರನೇ ಪುಟದಲ್ಲಿ ಬರೆದಿದ್ದೀರಲ್ಲ, ಆ ಸಾಲು ದಯವಿಟ್ಟು ಹೊಡೆದುಹಾಕಿ. ಮನಸ್ಸಿನ ಕಾಯಿಲೆಗಳಲ್ಲಿ ಜೀವಕ್ಕೇ ಕುತ್ತು ತರುವ ಕಾಯಿಲೆಗಳ ಸಾಲಿನಲ್ಲಿ ಇದು ಮುಂದೆ ಇದೆ.

ಆ ಗಂಡಸರಿಗೆ ಎಷ್ಟು ಕ್ಯಾಲರಿ ಕೊಟ್ಟರು, ಎಷ್ಟು ಕೆಜಿ ಇಳಿದರು ಅನ್ನುವುದು ನನಗೆ ಗೊತ್ತು, ಬೇಕಂತಲೇ ಬರೆಯುತ್ತಿಲ್ಲ. ಈ ಪುಟವನ್ನು ನಿಮ್ಮ ಮೊಮ್ಮಗಳೂ ಓದಬಹುದು. ಈ ಕಾಯಿಲೆಯಲ್ಲಿ ಅಂಕಿ ಸಿಕ್ಕರೆ ಅದರ ಜೊತೆ ಪಂದ್ಯ ಕಟ್ಟುತ್ತಾರೆ.

ಅಂಕಿ ಅಂದ ಕೂಡಲೇ ನೆನಪಾಯ್ತು, ನೀವು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಹಾಕಿ ಕಳಿಸಿದ್ದೀರಿ. ಗಣಿತದವರಿಗೆ ಇದನ್ನು ಹೇಳಲೇಬೇಕು. ಆ ಸೂತ್ರ ಮಾಡಿದವರು ಡಾಕ್ಟರ್ ಅಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಕ್ವೆಟ್ಲೆ ಅನ್ನುವ ಖಗೋಳಶಾಸ್ತ್ರಜ್ಞ ಮಾಡಿದ್ದು. ಜನಸಮೂಹದಲ್ಲಿ ಸರಾಸರಿ ಮನುಷ್ಯ ಹೇಗಿರುತ್ತಾನೆ ಅನ್ನುವುದು ಅವರ ಹುಡುಕಾಟ. 1972ರಲ್ಲಿ ಅದಕ್ಕೆ ಬಿಎಂಐ ಅಂತ ಹೆಸರಿಟ್ಟವರು ಇದೇ ಕೀಸ್ ಮತ್ತು ಸಂಗಡಿಗರು. ತರಗತಿಯ ಸರಾಸರಿ ಅಂಕ ನೋಡಿ ಕೊನೇ ಬೆಂಚಿನ ಹುಡುಗನಿಗೆ ಏನು ಕಷ್ಟ ಅಂತ ನೀವು ಹೇಳುತ್ತಿದ್ದಿರಾ? ಅದರಲ್ಲೂ ಈ ಕಾಯಿಲೆಯಲ್ಲಿ ಎಷ್ಟೋ ಜನ ನೋಡುವುದಕ್ಕೆ ಸಣ್ಣ ಇರುವುದೇ ಇಲ್ಲ. ಗಬಗಬ ತಿಂದು ಗುಟ್ಟಾಗಿ ವಾಂತಿ ಮಾಡುವವರಿದ್ದಾರೆ. ಅದಕ್ಕೆ 1979ರಲ್ಲಿ ಲಂಡನ್ನಿನ ಡಾಕ್ಟರ್ ಜೆರಾಲ್ಡ್ ರಸೆಲ್ ಬುಲಿಮಿಯಾ ನರ್ವೋಸಾ ಅಂತ ಹೆಸರು ಕೊಟ್ಟರು. ಹಾಗೆ ಮಾಡುವವರ ತೂಕ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯ ತಾಳ ತಪ್ಪಬಹುದು. ಹುಡುಗರೂ ಇದ್ದಾರೆ, ಜಿಮ್ಮು, ಪ್ರೋಟೀನ್ ಪುಡಿ ಅಂತ ಅನ್ನ ಕಂಡರೆ ಹೆದರುವವರು.

ಇನ್ನು ನಮ್ಮ ಊರಿನ ಮಾತಿಗೆ ಬರುತ್ತೇನೆ. ನಮ್ಮಜ್ಜಿ ಚಿತ್ರದುರ್ಗದ ಕಡೆಯವರು. ಮಳೆ ಕೈಕೊಟ್ಟ ವರ್ಷಗಳನ್ನು ಕಂಡವರು. ರಜೆಗೆ ಹೋದರೆ ಮುಖ ಹಿಡಿದು ನೋಡಿ, "ಸೊರಗಿಯಲ್ಲವ್ವಾ, ಉಂಬಾಕೆ ಇಕ್ಕಲ್ವಾ ಅಲ್ಲಿ?" ಅನ್ನುತ್ತಿದ್ದರು. ಸೊರಗುವುದು ಅಂದರೆ ಚಿಂತೆಯ ವಿಷಯ. ಎದುರಿಗೆ ಸಿಕ್ಕವರನ್ನು ನಾವು ಕೇಳುತ್ತಿದ್ದಿದ್ದು "ಊಟ ಆಯ್ತಾ?" ಅಂತ. ಈಗ ಅದೇ ಸೊರಗುವಿಕೆಗೆ "ಅಯ್ಯೋ ಎಷ್ಟು ಸಣ್ಣ ಆಗಿದೀಯಾ, ಏನ್ ಮಾಡ್ದೆ, ನಂಗೂ ಹೇಳು" ಅನ್ನುತ್ತಾರೆ. ಮಾತು ಎಲ್ಲಿ ತಿರುಗಿತು ನೋಡಿ. ಫಿಜಿ ದ್ವೀಪದಲ್ಲೂ ಹೀಗೇ ಆಯಿತು. ಅಲ್ಲಿ ಮೈತುಂಬಿಕೊಂಡವರಿಗೆ ಮರ್ಯಾದೆ ಇತ್ತು. ಒಂದು ಭಾಗಕ್ಕೆ 1995ರಲ್ಲಿ ಟಿವಿ ಬಂತು. ಆಗ ಆನ್ ಬೆಕರ್ ಅನ್ನುವ ಸಂಶೋಧಕಿ ಹೈಸ್ಕೂಲು ಹುಡುಗಿಯರನ್ನು ಕೇಳಿದರೆ ತೂಕಕ್ಕಾಗಿ ವಾಂತಿ ಮಾಡುತ್ತೇನೆ ಅಂದವರು ಒಬ್ಬರೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ ನೂರಕ್ಕೆ 11 ಜನ ಹೌದು ಅಂದರು. ಮೂರೇ ವರ್ಷ, ಒಂದು ಟಿವಿ. ಈಗ ಪ್ರತಿ ಹುಡುಗಿಯ ದಿಂಬಿನ ಪಕ್ಕ ಫೋನ್ ಇದೆ.

ಫೋನನ್ನು ಬೈದು ಸುಮ್ಮನಾಗಲು ನನಗೆ ಮನಸ್ಸಿಲ್ಲ. ಸಂಬಂಧ ಕೇಳಲು ಬಂದವರು "ಹುಡುಗಿ ಸ್ವಲ್ಪ ದಪ್ಪ ಆಯ್ತು" ಅಂತ ಅವಳ ಕೈಯಿಂದಲೇ ಉಪ್ಪಿಟ್ಟು ಇಸಿದುಕೊಂಡು ಹೇಳುತ್ತಾರೆ. ಒಂದು ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕವನ್ನು ಜೋರಾಗಿ ಕೂಗಿ ಬರೆಸಿದ್ದನ್ನು ನಾನೇ ನೋಡಿದ್ದೇನೆ. ಆರನೇ ಕ್ಲಾಸಿನ ಮಗು ಮೆಷಿನ್ ಹತ್ತುವ ಮುಂಚೆ ಕಾಲಿನ ಚೈನು ಬಿಚ್ಚಿ ಗೆಳತಿಯ ಕೈಗೆ ಕೊಟ್ಟಿತು. ಆ ಚೈನಿನ ತೂಕ ಎಷ್ಟಿದ್ದೀತು?

ನಮ್ಮ ಪತ್ರಿಕೆಯದೂ ತಪ್ಪಿದೆ. 'ತೂಕ ಇಳಿಸಿ' ಪುಟ ನಾವು ವರ್ಷಗಟ್ಟಲೆ ಹಾಕಿದೆವು. ಒಬ್ಬ ತಾಯಿ ಆಫೀಸಿಗೆ ಬಂದು ಮಗಳ ನೋಟ್‌ಬುಕ್ ನನ್ನ ಮೇಜಿನ ಮೇಲಿಟ್ಟರು. ನಮ್ಮ ಪುಟಗಳನ್ನು ಕತ್ತರಿಸಿ ಅಂಟಿಸಿದ್ದಳು, ಪ್ರತಿ ಸಾಲಿನ ಮುಂದೆ ಕೆಂಪು ಪೆನ್ನಿನಲ್ಲಿ ಟಿಕ್. ತಾಯಿ ಬೈಯಲೂ ಇಲ್ಲ. "ನೋಡಿ" ಅಂದರು ಅಷ್ಟೇ. ನಿಮ್ಮ ಪ್ರಶ್ನೆಗೆ ಉತ್ತರ ಅದು.

ಗಾದೆಯನ್ನು ನೀವು ಅರ್ಧ ಬರೆದಿರಿ. ಇನ್ನರ್ಧ ಇದೆ: ಮಾತು ಬಲ್ಲವನಿಗೆ ಜಗಳವಿಲ್ಲ. ನಿಮ್ಮ ಮನೆಗೆ ಈಗ ಬೇಕಾಗಿರುವುದು ಆ ಅರ್ಧ. ಊಟದ ಲೆಕ್ಕ ಡಾಕ್ಟರ್ ಮತ್ತು ನಿಮ್ಮ ಸೊಸೆ ನೋಡಿಕೊಳ್ಳಲಿ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ತುರುಕಿದರೂ ಅಪಾಯ, ಅದಕ್ಕೇ ಅವರು ಹಂತ ಹಂತವಾಗಿ ಏರಿಸುತ್ತಾರೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯವರು 1980ರ ದಶಕದಲ್ಲಿ ರೂಢಿಸಿದ ಚಿಕಿತ್ಸೆಯಲ್ಲಿ ಮನೆಯವರೇ ಮುಖ್ಯ: ಬಡಿಸುವುದು, ಪಕ್ಕ ಕೂರುವುದು, ಮುಗಿಯುವವರೆಗೆ ಏಳದಿರುವುದು. "ಮೈ ತುಂಬಿಕೊಂಡೆ" ಅಂತ ಖುಷಿಯಿಂದಲೂ ಹೇಳಬೇಡಿ, ಅವಳಿಗೆ ಅದು ದಪ್ಪ ಆದೆ ಅಂತಲೇ ಕೇಳಿಸುತ್ತದೆ. ತೂಕದ ಮೆಷಿನ್ ಮನೆಯಿಂದ ಹೊರಗೆ ಹೋಗಲಿ, ನಿಮ್ಮ ಸೋಮವಾರದ ತೂಕ ಕ್ಲಿನಿಕ್ಕಿನಲ್ಲಿ ನೋಡಿಸಿ. ನಿಮ್ಮ ಪಥ್ಯದ ಮಾತು ಅವಳ ತಟ್ಟೆಯ ಮುಂದೆ ಬೇಡ. ಸೊಸೆಯ ಹತ್ತಿರ ತಪ್ಪಾಯ್ತು ಅನ್ನಿ, ಆ ಹೆಣ್ಣುಮಗಳು ದಿನಕ್ಕೆ ಆರು ಸಲ ಒಬ್ಬಳೇ ಯುದ್ಧ ಮಾಡುತ್ತಿದ್ದಾಳೆ. ಮನೆಯವರಿಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಭಾನುವಾರ ಮತ್ತೆ ದೋಸೆ ತರಿಸಿ. ಅವಳ ಎದುರಿಗಲ್ಲ, ಪಕ್ಕದಲ್ಲಿ ಕೂತುಕೊಳ್ಳಿ. ಅವಳು ಬೆಣ್ಣೆ ಸರಿಸಿದರೆ ನೀವು ನೋಡಲೇ ಇಲ್ಲ. ತಿಂದರೂ ನೋಡಲಿಲ್ಲ. ಒಂದು ಗಂಟೆ ಆದರೆ ಆಗಲಿ. ನೀವು ಹೈಸ್ಕೂಲಿನಲ್ಲಿ ಸೈಕಲ್ ಕಳಕೊಂಡ ಕಥೆ ಪತ್ರದ ಕೊನೆಯಲ್ಲಿ ಬರೆದಿದ್ದೀರಲ್ಲ, ಚೆನ್ನಾಗಿದೆ, ಅದನ್ನು ಅವಳಿಗೆ ಹೇಳಿ.